ಮೈಲು ಸದ್ವಿನಿಯೋಗ

ಹೋಗಬೇಕಾದ ಊರಿಗೆ ಹೋಗುವ ಸಲುವಾಗಿ ಮೈಲುಗಳನ್ನು ಖರ್ಚು ಮಾಡುವುದು ಮೈಲುಗಳ ದುರುಪಯೋಗವೆಂದು ಸಿಂಗಪುರದ ತೋವಾ ಪಯೋ ಬಡಾವಣೆಯ ಒಂದು ವಸತಿ ಬ್ಲಾಕಿನ ನಿವಾಸಿಗಳ ಮೈಲು ಸದ್ವಿನಿಯೋಗ ಉಪಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿದೆ.

ಮೈಲು ಎಂದರೆ ಇಲ್ಲಿ ದೂರವಲ್ಲ. ಪದೇ ಪದೇ ಹಾರುವವರಿಗೂ, ವಿಮಾನ ಕಂಪನಿಯ ಕ್ರೆಡಿಟ್ ಕಾರ್ಡು ಉಜ್ಜಿ ಸಾಮಾನು ಕೊಳ್ಳುವವರಿಗೂ ಆ ಕಂಪನಿ ಜಮೆ ಮಾಡುವ ಬಹುಮಾನದ ಅಂಕ. ಕೂಡಿಟ್ಟ ಮೈಲಿಗೆ ಕಂಪನಿ ಟಿಕೆಟ್ಟನ್ನೂ ಕೊಡುತ್ತದೆ, ಸೂಟ್‌ಕೇಸನ್ನೂ ಕೊಡುತ್ತದೆ, ಅನ್ನ ಮಾಡುವ ಕುಕ್ಕರನ್ನೂ ಕೊಡುತ್ತದೆ. ಇವುಗಳಲ್ಲಿ ಅತ್ಯುತ್ತಮ ಯಾವುದೆಂದು ತಿಳಿಯದೆ ನಿವಾಸಿಗಳು ತಮಗೆ ಬೇಕಾದದ್ದನ್ನು ತೆಗೆದುಕೊಂಡು ಹಾಳಾಗುತ್ತಿದ್ದುದರಿಂದ ಉಪಸಮಿತಿ ಹುಟ್ಟಿತು. ಸುಂಕದ ಇಲಾಖೆಯಿಂದ ನಿವೃತ್ತರಾದ ಮಿಸ್ಟರ್ ತಂಬಿಯಾ ಅಧ್ಯಕ್ಷರಾದರು. ಲಿಫ್ಟ್ ರಿಪೇರಿ ಕಂಪನಿಯಿಂದ ನಿವೃತ್ತನಾದ ಟೆಕ್ ಗುವಾನ್ ಕಾರ್ಯದರ್ಶಿಯಾದ.

ಉಪಸಮಿತಿಯ ಮೂಲತತ್ವ ಸರಳವಾಗಿತ್ತು. ಯಾವ ಟಿಕೆಟ್ಟನ್ನು ದುಡ್ಡು ಕೊಟ್ಟು ಕೊಳ್ಳಲು ಸದಸ್ಯನಿಗೆ ಈ ಜನ್ಮದಲ್ಲಿ ಸಾಧ್ಯವಿಲ್ಲವೋ ಅದೇ ಅವನಿಗೆ ಅತ್ಯುತ್ತಮ ಬಹುಮಾನ. ಆ ಊರಿನಲ್ಲಿ ಸದಸ್ಯನಿಗೆ ಕೆಲಸವುಂಟೋ ಇಲ್ಲವೋ ಎಂಬುದು ಪರಿಗಣನೆಗೆ ಬರತಕ್ಕದ್ದಲ್ಲ.

ಟೆಕ್ ಗುವಾನನ ಹೆಂಡತಿ ಸ್ಯೂ ಎಂಗ್ ಈ ತತ್ವದ ನೆರಳಿನಲ್ಲಿ ಬಹಳ ಕಾಲ ಸಂಸಾರ ಮಾಡಿದವಳು. ಮೀನು ಮಾರುಕಟ್ಟೆಯಲ್ಲಿ ಕಾರ್ಡು ನಡೆಯುವುದಿಲ್ಲವೆಂದು ಅವಳು ತಾಜಾ ಮೀನು ಬಿಟ್ಟು ಅಂಗಡಿಯ ಹೆಪ್ಪುಗಟ್ಟಿದ ಮೀನು ತಂದಳು. ಅವಳ ಮಂಡಿಯ ಶಸ್ತ್ರಚಿಕಿತ್ಸೆ, ಆಸ್ಪತ್ರೆಯ ಬಿಲ್ಲಿಗೆ ಎರಡು ಪಟ್ಟು ಮೈಲು ಕೊಡುವ ತಿಂಗಳು ಬರುವವರೆಗೆ ಮುಂದಕ್ಕೆ ಹೋಯಿತು. ಮುಂದೂಡಿಕೆಗೆ ಕಾರಣವೇನು ಎಂಬಲ್ಲಿ ವೈದ್ಯರು, "ರೋಗಿಯು ಕೊಡುಗೆಯ ನಿರೀಕ್ಷೆಯಲ್ಲಿದ್ದಾರೆ" ಎಂದು ಬರೆದರು. ಸ್ಯೂ ಎಂಗ್ ಕುಂಟುತ್ತಲೇ ಮನೆಗೆ ಬಂದಳು. ಬಸ್ಸಿನ ಟಿಕೆಟ್ಟೂ ಕಾರ್ಡಿನಲ್ಲೇ ಆಯಿತು.

ಉಪಸಮಿತಿಯ ಶಿಸ್ತು ಎಂಥದೆಂಬುದು ನಾಲ್ಕನೇ ಮಹಡಿಯ ರೋಕಿಯಾಳ ಪ್ರಕರಣದಲ್ಲಿ ಎಲ್ಲರಿಗೂ ತಿಳಿಯಿತು. ಆಕೆ ಯಾರನ್ನೂ ಕೇಳದೆ ತನ್ನ ಮೈಲುಗಳನ್ನೆಲ್ಲ ಕೊಟ್ಟು ಕುಕ್ಕರ್ ತರಿಸಿಕೊಂಡಿದ್ದಳು. ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ, ಕಲ್ಲಿನ ಮೇಜಿನ ಸುತ್ತ ವಿಚಾರಣೆ ನಡೆಯಿತು.

"ಕಾಕ್ ರೋಕಿಯಾ, ಇದೇ ಮೈಲಿಗೆ ನೀವು ಟೋಕಿಯೋಗೆ ಅರ್ಧ ದಾರಿ ಹೋಗಬಹುದಿತ್ತು," ಎಂದರು ತಂಬಿಯಾ. ಕಾಕ್ ಎಂದರೆ ಮಲಯ ಭಾಷೆಯಲ್ಲಿ ಅಕ್ಕ.

"ಅರ್ಧ ದಾರೀಲಿ ಸಮುದ್ರ ಇದೆಯಲ್ಲ ಸಾರ್," ಎಂದಳು ರೋಕಿಯಾ. "ನನಗೆ ಅನ್ನ ಬೇಕಿತ್ತು."

ಸದಸ್ಯೆಯು ಪಶ್ಚಾತ್ತಾಪ ವ್ಯಕ್ತಪಡಿಸಿಲ್ಲವೆಂದು ದಾಖಲಿಸಿ ಆಕೆಗೆ ಛೀಮಾರಿ ಹಾಕಲಾಯಿತು. ಅನ್ನ ಚೆನ್ನಾಗಿ ಆಗುತ್ತದೆಯೇ ಎಂದು ಸಭೆ ಮುಗಿದ ಮೇಲೆ ಮೂವರು ಸದಸ್ಯರು ಖಾಸಗಿಯಾಗಿ ವಿಚಾರಿಸಿದರು.

ಹೀಗಿರುವಾಗ ಆಸ್ಟ್ರೇಲಿಯದ ಪರ್ತ್‌ನಲ್ಲಿದ್ದ ಸ್ಯೂ ಎಂಗಳ ಒಬ್ಬಳೇ ಮಗಳು ಹುಯಿ ಶಾನ್‌ಗೆ ಹೆಣ್ಣು ಮಗುವಾಯಿತು. ಹೆರಿಗೆಗೇ ಹೋಗಿ ಶುಂಠಿ, ಎಳ್ಳೆಣ್ಣೆ ಹಾಕಿದ ಕೋಳಿ ಮಾಡಿಕೊಟ್ಟು ತಾನೇ ಬಾಣಂತನ ಮಾಡಬೇಕೆಂದು ಸ್ಯೂ ಎಂಗ್ ಆಸೆಪಟ್ಟಿದ್ದಳು. ಆದರೆ ಪರ್ತ್ ಟಿಕೆಟ್ಟಿನ ವಿಷಯ ಉಪಸಮಿತಿಯ ಪರಿಶೀಲನೆಯಲ್ಲಿತ್ತು. ಅಳಿಯನ ತಾಯಿ ಅಗ್ಗದ ವಿಮಾನ ಹತ್ತಿ ಹೋಗಿ ಬಾಣಂತನ ಮಾಡಿದರು. ಅವರಿಗೆ ಮೈಲುಗಳೇ ಇರಲಿಲ್ಲವಾದ್ದರಿಂದ ಯಾವ ಅಡಚಣೆಯೂ ಆಗಲಿಲ್ಲ.

ಬೀಗಿತ್ತಿಯ ತೋಳಿನಲ್ಲಿ ಮಗು ಮಲಗಿದ್ದ ಫೋಟೋ ಫೋನಿಗೆ ಬಂದ ದಿನ ಸ್ಯೂ ಎಂಗ್ ಅಡುಗೆ ಮಾಡಲಿಲ್ಲ.

"ಹುಯಿ ಶಾನ್ ಅಪ್ಪ," ಎಂದಳು. "ಮಗೂಗೆ ತಿಂಗಳು ತುಂಬೋ ಹಬ್ಬಕ್ಕಾದರೂ ನಾನು ಅಲ್ಲಿರಬೇಕು. ಶುಭಕ್ಕೆ ಕೆಂಪು ಮೊಟ್ಟೆ ಹಂಚೋಕೆ ನಾನಿಲ್ಲದೆ ಇನ್ಯಾರು?"

ಟೆಕ್ ಗುವಾನನ ಮುಖದಲ್ಲಿ ನಿಜವಾದ ಸಂಕಟವಿತ್ತು. ಅವನಿಗೂ ಮೊಮ್ಮಗಳನ್ನು ನೋಡಬೇಕಿತ್ತು. "ಪರ್ತ್ ಒಂದು ಬಿಟ್ಟು ಬೇರೆ ಯಾವ ಊರಾದರೂ ಕೇಳು," ಎಂದ.

"ಮಗು ಇರೋದು ಪರ್ತ್‌ನಲ್ಲಿ."

"ಅದೇ ತಾಪತ್ರಯ."

ವಿಷಯ ಸಭೆಗೆ ಹೋಯಿತು. ಸದಸ್ಯರಿಗೆಲ್ಲ ತೆಂಗಿನ ಜಾಮು ಹಚ್ಚಿದ ಬ್ರೆಡ್ಡು, ಕಾಫಿ ಬಂದವು. ಸ್ಯೂ ಎಂಗ್ ಮೇಜಿನ ತುದಿಯಲ್ಲಿ ಕೂತಳು. ತಂಬಿಯಾ ಬಹಳ ಸಜ್ಜನರು. ದನಿ ಏರಿಸಿದವರಲ್ಲ.

"ಮೇಡಂ, ಪರ್ತ್ ಎಷ್ಟು ದೂರ?"

"ಐದು ಗಂಟೆ."

"ತೀರಾ ಹತ್ತಿರವಾಯಿತು. ಸೀಟಿಗೆ ಬೆನ್ನು ಹೊಂದಿಕೊಳ್ಳುವಷ್ಟರಲ್ಲಿ ಊರು ಬಂದುಬಿಡುತ್ತೆ. ಮೈಲಿಗೆ ಅದು ಅವಮಾನ."

"ಹಾಗಾದ್ರೆ ದುಡ್ಡು ಕೊಟ್ಟೇ ಹೋಗ್ತೀನಿ. ನಮ್ಮ ಬೀಗಿತ್ತಿ ಹೋದ ಹಾಗೆ."

ಟೆಕ್ ಗುವಾನ್ ತಲೆ ತಗ್ಗಿಸಿದ.

"ಮೇಡಂ, ಮನೇಲಿ ಅಕ್ಕಿ ಮೂಟೆ ಇಟ್ಕೊಂಡು ಯಾರಾದರೂ ಪಕ್ಕದ ಮನೆಗೆ ಊಟಕ್ಕೆ ಹೋಗ್ತಾರಾ?" ಎಂದರು ತಂಬಿಯಾ.

"ಮೂಟೆ ಬಿಚ್ಚೋಕೆ ನೀವು ಬಿಡ್ತಾ ಇಲ್ಲವಲ್ಲ ಸಾರ್."

ಚರ್ಚೆ ಫಲಪ್ರದವಾಗಿ ನಡೆಯಿತೆಂದು ಕಾರ್ಯದರ್ಶಿ ಬರೆದುಕೊಂಡ. ಅನಂತರ ಅಧ್ಯಕ್ಷರು ಈ ಸಾಲಿನ ಅತ್ಯುತ್ತಮ ಬಹುಮಾನವನ್ನು ಪ್ರಕಟಿಸಿದರು. ಜ್ಯೂರಿಕ್, ಪ್ರಥಮ ದರ್ಜೆ. ಬಾಗಿಲಿರುವ ಕೋಣೆ, ಮಲಗಲು ಮಂಚ, ಮನೆಯಲ್ಲಿ ಯಾರೂ ತೊಡದಂಥ ರಾತ್ರಿ ಉಡುಪು. ದಂಪತಿಗಳು ಹೋಗಿ, ಮೂರು ಗಂಟೆ ಕೂತು, ಅದೇ ವಿಮಾನದಲ್ಲಿ ಹಿಂತಿರುಗಬಹುದು.

"ಜ್ಯೂರಿಕ್‌ನಲ್ಲಿ ನಮಗೆ ಯಾರಿದ್ದಾರೆ?"

"ಯಾರೂ ಇರಬೇಕಾಗಿಲ್ಲ ಮೇಡಂ. ಯಾರಾದರೂ ಇದ್ದರೆ ಮನಸ್ಸು ಅವರ ಕಡೆ ಹೋಗುತ್ತೆ, ಸೀಟಿನ ಕಡೆ ಇರೋದಿಲ್ಲ."

ಸ್ಯೂ ಎಂಗ್‌ಗೆ ಅಳು ಬರುವುದರಲ್ಲಿತ್ತು. ಅಳು ತಡೆಯಲು ಅವಳಿಗೆ ಗೊತ್ತಿದ್ದದ್ದು ಕೊಂಕು ಮಾತು ಒಂದೇ. "ಸರಿ ಬಿಡಿ," ಎಂದಳು. "ಆ ಮಗೂನೇ ಜ್ಯೂರಿಕ್‌ಗೆ ಬರಲಿ. ಹಬ್ಬ ಅಲ್ಲೇ ಮಾಡೋಣ."

ಯಾರೂ ನಗಲಿಲ್ಲ. ತಂಬಿಯಾ ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ಪರಿಪಕ್ವವಾದ ಸಲಹೆ ಸದಸ್ಯರ ಕುಟುಂಬದಿಂದ ಬಂದದ್ದು ಇದೇ ಮೊದಲೆಂದರು. ಒಬ್ಬರು ಸೂಚಿಸಿದರು, ಒಬ್ಬರು ಅನುಮೋದಿಸಿದರು. ಸ್ಯೂ ಎಂಗ್ ಬಾಯಿ ತೆರೆಯುವಷ್ಟರಲ್ಲಿ ಠರಾವು ಪಾಸಾಗಿತ್ತು.

ಅವಳು ಮಗಳಿಗೆ ಫೋನು ಮಾಡಿ ಸಂಗತಿ ತಿಳಿಸಿದಳು. ಆ ಕಡೆ ಮಗು ಬಿಕ್ಕಳಿಸುತ್ತಿತ್ತು.

"ಇದನ್ನ ಹೇಳಿದ್ದು ಅಪ್ಪನಾ?"

"ನಾನೇ. ಕೊಂಕಿಗೆ ಹೇಳಿದ್ದು."

"ಸಮಿತಿಯವರು ಏನಂದ್ರು?"

"ಬರ್ಕೊಂಡ್ರು."

ಹುಯಿ ಶಾನ್ ಆ ಮನೆಯಲ್ಲೇ ಬೆಳೆದವಳು. ವಾದ ಮಾಡಲಿಲ್ಲ. "ಡೇರಿಲ್ ಕಾರ್ಡಲ್ಲೂ ಒಂದಿಷ್ಟು ಮೈಲು ಬಿದ್ದಿದೆ," ಎಂದಳು, ಗಂಡನ ಹೆಸರು ಹೇಳಿ. "ಹಿಂದಿನ ಸೀಟು ಸಿಗಬಹುದು. ಆದರೆ ಅಮ್ಮ, ಇಲ್ಲಿಂದ ಜ್ಯೂರಿಕ್‌ಗೆ ಹೋಗೋ ವಿಮಾನ ಸಿಂಗಪುರದ ಮೇಲೇ ಬರೋದು. ಚಾಂಗಿಯಲ್ಲಿ ಇಳಿದು ಅಲ್ಲಿಂದ ನಿಮ್ಮ ವಿಮಾನಾನೇ ಹತ್ತಬೇಕು."

ಚಾಂಗಿ ವಿಮಾನ ನಿಲ್ದಾಣದಿಂದ ಸ್ಯೂ ಎಂಗಳ ಮನೆಗೆ ಟ್ಯಾಕ್ಸಿಯಲ್ಲಿ ಅರ್ಧ ಗಂಟೆಯೂ ಇಲ್ಲ. ಅವಳು ಕೈಯಿಂದ ಫೋನಿನ ಬಾಯಿ ಮುಚ್ಚಿ ಗಂಡನತ್ತ ತಿರುಗಿದಳು. "ಅವರು ಚಾಂಗಿಗೇ ಬರ್ತಾರಂತೆ. ಅಲ್ಲೇ ಇಳಿದು ಮನೆಗೆ ಬಂದುಬಿಡಲಿ."

"ಅಷ್ಟೇ ಆದರೆ ಅದು ಪರ್ತ್‌ನಿಂದ ಸಿಂಗಪುರಕ್ಕೆ ಬಂದ ಹಾಗಾಯಿತಲ್ಲ," ಎಂದ ಟೆಕ್ ಗುವಾನ್. ಅವನ ದನಿಯಲ್ಲಿ ಗಾಬರಿಯಿತ್ತು. "ಉಳಿದ ದಾರಿ ಯಾರು ಹಾರೋದು?"

ನಿಗದಿಯಾದ ದಿನ ಬೆಳಿಗ್ಗೆ ಸ್ಯೂ ಎಂಗ್ ಮೊಟ್ಟೆ ಬೇಯಿಸಿ, ಕೆಂಪು ಬಣ್ಣ ಹಚ್ಚಿ, ಆರಿಸಿ, ಚೀಲದಲ್ಲಿ ತುಂಬಿದಳು. ವಿಮಾನ ಬದಲಿಸುವವರು ಕಾಯುವ ಜಾಗದಲ್ಲಿ ಹುಯಿ ಶಾನ್ ಮಗುವನ್ನು ಅಮ್ಮನ ಕೈಗೆ ಕೊಟ್ಟಳು. ಹೆಸರು ಶಿನ್ ಯೀ. ಫೋಟೋದಲ್ಲಿ ಕಂಡದ್ದಕ್ಕಿಂತ ಹಗುರವಾಗಿತ್ತು, ಬೆಚ್ಚಗಿತ್ತು. ಅಜ್ಜಿಯ ಬೆರಳನ್ನು ಹಿಡಿದು ಬಿಡದೆ ನಿದ್ದೆ ಹೋಯಿತು. ಸ್ಯೂ ಎಂಗ್‌ಗೆ ಇನ್ನೇನೂ ಬೇಕೆನಿಸಲಿಲ್ಲ. ಅವಳು ಸುತ್ತ ನೋಡಿದಳು. ಅಜ್ಜ ಇದ್ದ, ಮಗಳಿದ್ದಳು, ಅಳಿಯನಿದ್ದ, ಮೊಟ್ಟೆಗಳಿದ್ದವು.

"ಎಲ್ಲಾ ಸೇರಿದ್ದೀವಲ್ಲ," ಎಂದಳು ಮೆಲ್ಲಗೆ. "ಹಬ್ಬ ಮಾಡಿ ಮನೆಗೆ ಹೋಗೋಣವಾ?"

ಅಳಿಯ ಡೇರಿಲ್ ಮಾವನ ಮುಖ ನೋಡಿದ. ಟೆಕ್ ಗುವಾನ್ ಗಡಿಯಾರ ನೋಡಿದ. ಒಂದು ಕ್ಷಣ ಅವನ ಮನಸ್ಸೂ ಅಲುಗಿತು. ಅದು ಅವನ ಹುಬ್ಬಿನಲ್ಲಿ ಕಂಡಿತು. ಆಮೇಲೆ ಎದ್ದು ನಿಂತ.

"ಇನ್ನೂ ಜ್ಯೂರಿಕ್ ಬಂದಿಲ್ಲ," ಎಂದ.

ವಿಮಾನದೊಳಗೆ ದಂಪತಿಗಳು ಪ್ರಥಮ ದರ್ಜೆಯ ಕಡೆಗೆ ಎಡಕ್ಕೆ ತಿರುಗಿದರು, ಮಗು ಬಲಕ್ಕೆ ತಿರುಗಿತು. ಸ್ಯೂ ಎಂಗಳ ಕೋಣೆಗೆ ನಿಜವಾಗಿಯೂ ಬಾಗಿಲಿತ್ತು. ಮಂಚದ ಮೇಲೆ ಅವಳ ಮದುವೆಯಲ್ಲೂ ಕಾಣದಷ್ಟು ದಿಂಬುಗಳಿದ್ದವು. ಗಗನಸಖಿ ಅವಳನ್ನು ಹೆಸರು ಹಿಡಿದು ಮಾತಾಡಿಸಿ ಏನು ಬೇಕೆಂದು ಕೇಳಿದಳು.

"ಹಿಂದೆ ನನ್ನ ಮೊಮ್ಮಗಳಿದ್ದಾಳೆ. ಅವಳನ್ನ ಕರ್ಕೊಂಡು ಬಾಮ್ಮ."

"ಕ್ಷಮಿಸಿ ಮೇಡಂ. ಹಿಂದಿನ ದರ್ಜೆಯವರು ಈ ದರ್ಜೆಗೆ ಬರುವ ಹಾಗಿಲ್ಲ."

"ಅವಳಿಗಿನ್ನೂ ಒಂದು ತಿಂಗಳು."

"ದರ್ಜೆಗೆ ವಯಸ್ಸಿನ ವಿನಾಯಿತಿ ಇಲ್ಲ ಮೇಡಂ."

"ನಾನು ಅಲ್ಲಿಗೆ ಹೋಗಬಹುದಾ?"

ಗಗನಸಖಿ ತಡವರಿಸಿದಳು. ಹೋಗಬಾರದೆಂದು ನಿಯಮವಿರಲಿಲ್ಲ, ಏಕೆಂದರೆ ಯಾರಾದರೂ ಹೋಗಬಹುದೆಂದು ನಿಯಮ ಮಾಡಿದವರಿಗೆ ಹೊಳೆದಿರಲಿಲ್ಲ. ಒಳಗೆ ಹೋಗಿ ಹಿರಿಯರನ್ನು ಕೇಳಿಕೊಂಡು ಬಂದಳು. ಹಿಂದೆ ಸೀಟು ಖಾಲಿಯಿದ್ದರೆ, ಮೇಡಂ ಸ್ವಂತ ಜವಾಬ್ದಾರಿಯ ಮೇಲೆ ಕೆಳದರ್ಜೆಗೆ ಇಳಿಯಬಹುದು ಎಂದಳು.

ಪಕ್ಕದ ಕೋಣೆಯ ಜಾರುಗೋಡೆ ಕೆಳಗಿಳಿಯಿತು. ಟೆಕ್ ಗುವಾನ್ ಆಗಲೇ ರಾತ್ರಿ ಉಡುಪು ತೊಟ್ಟಿದ್ದ. "ಸ್ಯೂ ಎಂಗ್, ಹೋಗಬೇಡ. ನೀನು ಅಲ್ಲಿ ಕೂತ ಪ್ರತಿ ಗಳಿಗೆಗೂ ನಮ್ಮ ಮೈಲಿನ ಬೆಲೆ ಇಳೀತಾ ಹೋಗುತ್ತೆ."

"ನನ್ನ ಪಾಲಿಂದೂ ನೀವೇ ಮಲಗಿ," ಎಂದು ಅವಳು ಚೀಲ ಹಿಡಿದು ಹೊರಟಳು.

ಹುಯಿ ಶಾನಳ ಪಕ್ಕದ ಸೀಟು ಖಾಲಿಯಿತ್ತು. ಸ್ಯೂ ಎಂಗಳ ಮಂಡಿ ಮುಂದಿನ ಸೀಟಿಗೆ ತಾಗುತ್ತಿತ್ತು. ಮಡಿಲಲ್ಲಿ ಮಗು ಮಲಗಿದಾಗ ಅದು ಗಮನಕ್ಕೆ ಬರಲಿಲ್ಲ. ತಾಯಿ ಮಗಳು ಹೆರಿಗೆಯ ನೋವಿನ ಬಗ್ಗೆ, ಹಾಲಿನ ಬಗ್ಗೆ, ಬೀಗಿತ್ತಿಯ ಕೋಳಿಸಾರಿಗೆ ಶುಂಠಿ ಸಾಲದೆ ಹೋದ ಬಗ್ಗೆ ಮಾತಾಡಿದರು. ಬಾಣಂತನದಲ್ಲಿ ಆಡಬೇಕಿದ್ದ ಮಾತುಗಳೆಲ್ಲ ಆ ಇಕ್ಕಟ್ಟಿನಲ್ಲಿ ಆಡಿ ಮುಗಿದವು.

ಅರ್ಧ ದಾರಿಯಲ್ಲಿ ಪರದೆ ಸರಿಯಿತು. ಕಂಪನಿಯ ರಾತ್ರಿ ಉಡುಪಿನಲ್ಲಿ ಟೆಕ್ ಗುವಾನ್ ನಿಂತಿದ್ದ. ಕೈಯಲ್ಲಿ ಪಿಂಗಾಣಿ ತಟ್ಟೆ, ತಟ್ಟೆಯಲ್ಲಿ ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ, ಶೇಂಗಾ ಚಟ್ನಿ.

"ಎಲ್ಲಾ ನಾನೇ ತಿನ್ನೋಕಾಗಲಿಲ್ಲ," ಎಂದ. ಮಗುವಿನ ಕಡೆ ಬಗ್ಗಿ, "ಅವಳು ಎದ್ದಿದ್ದಾಳಾ?"

"ಎದ್ದಿದ್ದಾಳೆ. ಕೈ ತೊಳ್ಕೊಂಡು ಬನ್ನಿ," ಎಂದಳು ಸ್ಯೂ ಎಂಗ್.

ಡೇರಿಲ್ ಎದ್ದು ಜಾಗ ಬಿಟ್ಟ. ಟೆಕ್ ಗುವಾನ್ ಕೂತು ಮೊಮ್ಮಗಳನ್ನು ಎತ್ತಿಕೊಂಡ. ಅವಳು ಅವನ ರಾತ್ರಿ ಉಡುಪಿನ ಮೇಲೆ ಕಕ್ಕಿದಳು. ಅವನು ಒರೆಸಿಕೊಳ್ಳಲಿಲ್ಲ, ಮುಂದಕ್ಕೆ ಹೋಗುವ ಮಾತೂ ಎತ್ತಲಿಲ್ಲ.

"ಅಪ್ಪ, ನಿಮ್ಮ ಮೈಲುಗಳು ಅಲ್ಲಿ ಒಂಟಿಯಾಗಿ ಹಾರ್ತಾ ಇವೆ," ಎಂದಳು ಹುಯಿ ಶಾನ್.

"ಹಾರಲಿ," ಎಂದ ಅವನು, ಮಗುವಿನ ಮೇಲಿಂದ ಕಣ್ಣು ತೆಗೆಯದೆ.

ಜ್ಯೂರಿಕ್ ವಿಮಾನ ನಿಲ್ದಾಣದ ಬೆಂಚೊಂದರ ಮೇಲೆ ತಿಂಗಳು ತುಂಬಿದ ಹಬ್ಬ ಸಾಂಗವಾಗಿ ನೆರವೇರಿತು. ನೆಲ ಒರೆಸುತ್ತಿದ್ದ ಹೆಂಗಸಿಗೂ, ಪಾಸ್‌ಪೋರ್ಟು ನೋಡುವವನಿಗೂ ಒಂದೊಂದು ಕೆಂಪು ಮೊಟ್ಟೆ ಸಿಕ್ಕಿತು. ಸ್ವಿಟ್ಜರ್ಲೆಂಡ್ ಕಿಟಕಿಯಾಚೆ ಇತ್ತು. ನೋಡಲು ಯಾರಿಗೂ ಪುರಸೊತ್ತಾಗಲಿಲ್ಲ.

ಊರಿಗೆ ಮರಳಿದ ಮೇಲೆ ಟೆಕ್ ಗುವಾನ್ ತಾನೇ ಸಭೆ ಕರೆದು ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಎರಡು ಪ್ರಥಮ ದರ್ಜೆಯ ಕೋಣೆಗಳು ಖಾಲಿ ಹೋದವು, ತಾನು ಕಾರ್ಯದರ್ಶಿಯಾಗಿರಲು ಯೋಗ್ಯನಲ್ಲ ಎಂದ. ಸ್ಯೂ ಎಂಗ್ ಅವನ ಹಿಂದೆಯೇ ನಿಂತಿದ್ದಳು, ಬೇಕಾದರೆ ಜಗಳಕ್ಕೂ ಸಿದ್ಧಳಾಗಿ.

ತಂಬಿಯಾ ದೀರ್ಘವಾಗಿ ಯೋಚಿಸಿದರು.

"ಕೋಣೆಯಲ್ಲಿ ಯಾರೂ ಮಲಗಲಿಲ್ಲವೇ?"

"ಇವರು ಸ್ವಲ್ಪ ಹೊತ್ತು ಮಲಗಿದರು. ನನ್ನ ಮಂಚ ಹಾಗೇ ಇತ್ತು," ಎಂದಳು ಸ್ಯೂ ಎಂಗ್.

"ದಿಂಬುಗಳು?"

"ಮುಟ್ಟಲಿಲ್ಲ."

ಅಧ್ಯಕ್ಷರು ತೀರ್ಪು ಹೇಳಿದರು. ಪ್ರಥಮ ದರ್ಜೆಯಲ್ಲಿ ಸದಸ್ಯನು ಕೂತ ಕೂಡಲೇ ಅದು ಕೂತ ಸೀಟಾಗುತ್ತದೆ. ಕೂರದಿದ್ದಲ್ಲಿ ಮಾತ್ರ ಅದರ ಮೌಲ್ಯ ಕೊನೆಯವರೆಗೂ ಪೂರ್ಣವಾಗಿ ಉಳಿಯುತ್ತದೆ. ಆದಕಾರಣ ಕಾರ್ಯದರ್ಶಿಯ ಕುಟುಂಬವು ಇದುವರೆಗಿನ ಅತ್ಯುತ್ತಮ ಬಹುಮಾನವನ್ನು ಪಡೆದಿದೆ. ಇನ್ನು ಮುಂದೆ ಸದಸ್ಯರು ಮುಂದಿನ ದರ್ಜೆಯನ್ನು ಕಾದಿರಿಸಿ ಹಿಂದಿನ ದರ್ಜೆಯಲ್ಲಿ ಕೂರತಕ್ಕದ್ದು. ಸದಸ್ಯರು ಚಪ್ಪಾಳೆ ತಟ್ಟಿದರು. ಟೆಕ್ ಗುವಾನ್ ಕಣ್ಣೊರೆಸಿಕೊಂಡ.

ಈ ಪದ್ಧತಿ ಈಗ ಬ್ಲಾಕಿನಲ್ಲೆಲ್ಲ ರೂಢಿಯಾಗಿದೆ. ವಿಮಾನ ಕಂಪನಿಯೂ ಇದನ್ನು ಸ್ವಾಗತಿಸಿ, ಸ್ವಂತ ಜವಾಬ್ದಾರಿಯ ಮೇಲೆ ಕೆಳಗಿಳಿಯುವವರಿಗೆ ಒಂದಿಷ್ಟು ಮೈಲುಗಳ ಶುಲ್ಕ ನಿಗದಿ ಮಾಡಿದೆ. ಶುಲ್ಕ ನ್ಯಾಯವಾದದ್ದೆಂದು ಎಲ್ಲರೂ ಒಪ್ಪಿದ್ದಾರೆ.

ಮೊನ್ನೆ ಶಿನ್ ಯೀಯ ಮೊದಲ ಹುಟ್ಟುಹಬ್ಬದ ವಿಷಯ ಸಭೆಗೆ ಬಂತು. ಈ ಸಾಲಿನಲ್ಲಿ ಬ್ರೆಜಿಲ್ ದೇಶದ ಸಾವೊ ಪೌಲೊ ಅತ್ಯುತ್ತಮವೆಂದು ತೀರ್ಮಾನವಾಯಿತು. ಸ್ಯೂ ಎಂಗ್ ಮನೆಗೆ ಬಂದು ಮಗಳಿಗೆ ಫೋನು ಮಾಡಿದಳು.

"ಈ ಸಲ ಸಾವೊ ಪೌಲೊ ಅಂತೆ."

"ಸರಿ ಅಮ್ಮ, ಅಲ್ಲೇ ಸಿಗೋಣ. ಕೇಕು ನಾನು ತರ್ತೀನಿ."

"ಅಲ್ಲಿ ಆಗ ಚಳಿಗಾಲವೋ ಬೇಸಿಗೆಯೋ?"

"ಗೊತ್ತಿಲ್ಲಮ್ಮ. ವಿಮಾನ ನಿಲ್ದಾಣದೊಳಗೆ ಎಲ್ಲಾ ಊರಲ್ಲೂ ಒಂದೇ ಕಾಲ."

"ಅದೂ ನಿಜ," ಎಂದಳು ಸ್ಯೂ ಎಂಗ್. "ಆದರೂ ಮಗೂಗೊಂದು ಸ್ವೆಟರ್ ಇಟ್ಕೋ."