ಸಾಬಾಣ ಹಚ್ಚಿ ಕೈ ತೊಳಕೊಳ್ರಿ

“ಕೈ ತೊಳಕೊಂಡ ಬರ್ರಿ.” ನನ್ನ ಹೆಂಡತಿ ನನಗೆ ಕಡೀಕ ಹೇಳಿದ ಮಾತು ಇದು. ಮನ್ಯಾಗ ಊಟಕ್ಕ ಕರೆಯುವಾಗಲೂ ಇದನ್ನೇ ಅಂತಿದ್ದಳು. ನಾ ತೊಳಕೊಂಡು ಬರೂದ್ರಾಗ ಹೋಗಿದ್ದಳು. ಆಕಿನ್ನ ಇಟ್ಟಿದ್ದ ಬೈಲಹೊಂಗಲದ ದವಾಖಾನ್ಯಾಗ ನಗೆ ಬರುವಂಥಾವೂ ನಡೆದವು. ನಗಬೇಕೋ ಬ್ಯಾಡೋ ಆಗಲೂ ತಿಳೀಲಿಲ್ಲ, ಈಗಲೂ ತಿಳೀವಲ್ದು.

೧. ಹುಳ

ಸಕ್ಕರಿ ಜಡ್ಡಿನಿಂದ ಆಕಿ ಕಾಲಿಗೆ ಹುಣ್ಣಾಗಿತ್ತು. ಆಕಿ ಮಲಗಿದ್ದ ವಾರ್ಡಿನಾಗ ಒಬ್ಬರ ಹಿಂದೊಬ್ಬರಿಗೆ ಜ್ವರ ಹತ್ತಿತು. ಡಾಕ್ಟರು ಅಂದರು: “ಇದು ಔಷಧಕ್ಕ ಬಗ್ಗದ ಹುಳ. ಕಣ್ಣಿಗೆ ಕಾಣೂದಿಲ್ಲ. ಬಲ ಇಲ್ಲದವರನ್ನ ಹಿಡೀತೈತಿ. ಕೈಯಿಂದ ಕೈಗೆ ದಾಟತೈತಿ.”

ನಾ ನನ್ನ ಕೈ ನೋಡಿಕೊಂಡೆ. ಎಲ್ಲಿ ಇಡಬೇಕು ತಿಳೀಲಿಲ್ಲ.

“ಬಗಲಾಗ ಇಟಗೊಂಡ ಕುಂದರ್ರಿ,” ಅಂದಳು ಹೆಂಡತಿ. “ಮನ್ಯಾಗೂ ಅಲ್ಲೇ ಇರ್ತಿದ್ದುವು.”

೨. ಅಳು

ರಾಮದುರ್ಗದಿಂದ ಆಕಿ ತಂಗಿ ಬಂದಳು. ಬಾಗಿಲಾಗ ನರ್ಸಬಾಯಿ ನಿಂತಿದ್ದರು. ಮಾಸ್ಕಿನ ಮ್ಯಾಲೆ ಕಣ್ಣಷ್ಟೇ ಕಾಣತಿದ್ದವು. ಸಣ್ಣ ದನೀಲೆ ಅಂದರು: “ಎಲ್ಲಾರೂ ಕೈ ತೊಳಕೊಂಡ ಬಿಡ್ರಿ.”

ಜಡ್ಡಿನವರು ಉಳಿಯೂದಿಲ್ಲ, ಆಸೆ ಬಿಡ್ರಿ ಅನ್ನೂವಾಗ ನಮ್ಮ ಕಡೆ ಆಡೂ ಮಾತದು. ನಾದಿನಿ ಹಣಿ ಬಡಕೊಂಡು ಅಳಾಕ ಹತ್ತಿದಳು. ಆಕಿನ್ನ ನೋಡಿ ಪಡಸಾಲ್ಯಾಗ ಕುಂತವರೆಲ್ಲಾ ಅತ್ತರು. ಯಾರು ಹೋದರು ಅಂತ ಒಬ್ಬರೂ ಕೇಳಲಿಲ್ಲ.

“ಸಾಬಾಣ ಹಚ್ಚಿ ತೊಳಕೊಳ್ರಿ ಅಂದೆ ನಾ,” ಅಂದರು ನರ್ಸಬಾಯಿ.

ಒಳಗಿಂದ ಹೆಂಡತಿ ದನಿ ಬಂತು: “ನಾ ಇನ್ನೂ ಅದೀನವಾ. ಆಮ್ಯಾಲಿಗೂ ಒಂದೀಟ ಉಳಸು.”

೩. ಪರದೆ

ಆಕಿಗೂ ಜ್ವರ ಬಂತು. ಒಂದು ದಿನ ಆಕಿ ಮಂಚದ ಪರದೆ ಹೊರಗ ಕುಂತು ಮನಿ ಸುದ್ದಿ ಹೇಳಿದೆ. ಎಮ್ಮಿ ಇವತ್ತೋ ನಾಳೆಯೋ ಈಯುವಂಗೈತಿ ಅಂದೆ. ಒಳಗಿಂದ “ಹೂಂ, ಹೂಂ” ಅಂತ ಕೇಳತಿತ್ತು.

ನರ್ಸಬಾಯಿ ಬಂದರು. “ನಿಮ್ಮನಿಯವರನ್ನ ಮುಂಜಾನೇನ ಬ್ಯಾರೆ ರೂಮಿಗೆ ಹಾಕೇವ್ರಿ.”

ಪರದೆ ಸರಿಸಿದರೆ ಯಾರೋ ಮುದುಕಿ. “ನಾ ನಿನ್ನ ಹೆಂಡ್ತಿ ಅಲ್ಲೋ ತಮ್ಮಾ. ಆದ್ರ ಎಮ್ಮಿ ಈದ ಮ್ಯಾಲ ಬಂದು ಹೇಳು.”

೪. ಕರಾ

ಹೆಂಡತಿ ಹೋದದ್ದು ನಸುಕಿನಾಗ. ಸಂಜೀಕ ಮಣ್ಣು ಮಾಡಿದೆವು. ಅವತ್ತ ರಾತ್ರೀನ ಎಮ್ಮಿ ಈತು, ಹೆಣ್ಣ ಕರಾ.

ಮರುದಿನ ಮುಂಜಾನೆ ನಮ್ಮೂರು ಮುನವಳ್ಳಿಯಿಂದ ಬಸ್ಸು ಹಿಡಿದು ದವಾಖಾನಿಗೆ ಹೋದೆ. ಕೈ ತೊಳಕೊಂಡೆ. ಮುದುಕಿ ಪರದೆ ಹೊರಗ ನಿಂತೆ. ನಾ ಬಾಯಿ ತೆರೆಯೂದ್ರಾಗ ಆಕಿ ಅಂದಳು: “ಹೆಣ್ಣ ಕರಾ ಅಂತಲ್ಲೋ ತಮ್ಮಾ. ಚಲೋ ಆತು.”

“ಯಾರು ಹೇಳಿದ್ರು ಆಯೀ?”

“ನಿನ್ನ ಹೆಂಡ್ತಿ ಬಂದಿದ್ಲಲ್ಲ, ಈಗಷ್ಟೇ.”

“ಆಕಿ ಈ ಕಡೆ ಬರಬಾರದು. ಹುಳ ದಾಟತೈತಿ,” ಅಂದೆ.

“ಅಂಜಬ್ಯಾಡ. ಕೈ ತೊಳಕೊಂಡನ ಬಂದಿದ್ಲು.”

ನಾ ಹೊರಗ ಬಂದು, ಸಾಬಾಣ ಹಚ್ಚಿ, ಮತ್ತೊಮ್ಮೆ ಕೈ ತೊಳಕೊಂಡೆ.