ಮೂರು ಕೊಟೇಶನ್, ಎರಡು ಮುಖ

ಎಲ್ಲಕ್ಕೂ ಕಾರಣ ಹನ್ನೆರಡು ಸೆಕೆಂಡಿನ ಒಂದು ವಿಡಿಯೊ. ತೀರ್ಥಹಳ್ಳಿಯಲ್ಲಿ ಯಾರದೋ ಅರವತ್ತರ ಶಾಂತಿಗೆ ಹೋಗಿದ್ದ ಬಿಂದುಶ್ರೀ ಅದನ್ನು ಮೊಬೈಲಿನಲ್ಲಿ ಹಿಡಿದು ತಂದಿದ್ದಳು. ತೊಟ್ಟಿಲ ಕೂಸೊಂದು ನೋಡನೋಡುತ್ತ ಮೀಸೆ ಬಿಟ್ಟು, ತಲೆ ನರೆತು, ಬೊಚ್ಚುಬಾಯಿಯ ಅಜ್ಜನಾಗಿ ನಗುತ್ತಿತ್ತು.

"ನಮ್ಮ ಸಾಹೇಬ್ರಿಗೂ ಇಂಥದ್ದೊಂದು ಆಗ್ಬೇಕು. ಸಂಜೆ ನಾಲ್ಕಕ್ಕೆ ಬೀಳ್ಕೊಡುಗೆ. ನಿರಂಜನ ಮಾಡ್ತಾನೆ," ಎಂದಳು ಬಿಂದುಶ್ರೀ.

ನಿರಂಜನ ಮಾಡುತ್ತಾನೆಂದು ಯಾರು ಹೇಳಿದರು? ಯಾರೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಅವನು ಹೊರಗೆಳೆದಿದ್ದ. ಅಂದಿನಿಂದ ಹೊಸನಗರದ ಆ ಕಚೇರಿಯಲ್ಲಿ ಕರೆಂಟಿನಿಂದ ಓಡುವುದೆಲ್ಲ ಅವನ ಪಾಲಿನದಾಗಿತ್ತು. ಸ್ವಭಾವತಃ ಮೌನಿ. ಆಗುವುದಿಲ್ಲ ಎನ್ನಲು ಅವನು ಮಾತು ಕೂಡಿಸಿಕೊಳ್ಳುವಷ್ಟರಲ್ಲಿ ಕೆಲಸ ಅರ್ಧ ಮುಗಿದಿರುತ್ತಿತ್ತು.

ಈ ದಿನ ಆಗುವುದಿಲ್ಲ ಎನ್ನುವಂತೆಯೂ ಇರಲಿಲ್ಲ. ಇಂದು ನಿವೃತ್ತರಾಗುವ ಸೂಪರಿಂಟೆಂಡೆಂಟ್ ಉಮಾಮಹೇಶ್ವರ ಅವರ ಮೇಜಿನ ಮೇಲೆ ನಿರಂಜನನ ವರ್ಗಾವಣೆ ಅರ್ಜಿ ಕೂತಿತ್ತು. ಹೆಂಡತಿ ಲಿಖಿತಾ ಸಾಗರದಲ್ಲಿ ಟೀಚರು. ಇವನಿಗೆ ಹೊಸನಗರದ ಬಸ್‌ಸ್ಟ್ಯಾಂಡ್ ಹಿಂದೆ ಒಂದು ರೂಮು. ನಾಲ್ಕು ವರ್ಷದ ಮಗಳು ಅವನನ್ನು 'ಶನಿವಾರದಪ್ಪ' ಎಂದು ಕರೆಯುತ್ತಿದ್ದಳು. ಸಾಗರದಲ್ಲಿ ಒಂದು ಜಾಗ ಖಾಲಿಯಾಗಿತ್ತು. ಸಾಹೇಬರು ಅರ್ಜಿಯ ಕೆಳಗೆ 'ಶಿಫಾರಸು ಮಾಡಿದೆ' ಎಂದು ಎರಡು ಪದ ಬರೆದು ಸಂಜೆಯ ಟಪಾಲಿಗೆ ಹಾಕಿದರೆ ಸಾಕಿತ್ತು. ಆದರೆ ಅವರು ಕೆಂಪು ಶಾಯಿಯಲ್ಲಿ ಮಾತ್ರ ಮಾತಾಡುವ ಮನುಷ್ಯ. ಹೋಗಿ ಕೇಳುವ ಧೈರ್ಯ ನಿರಂಜನನಿಗಿರಲಿಲ್ಲ. ವಿಡಿಯೊ ಚೆನ್ನಾಗಿ ಬಂದರೆ ಕೇಳದೆಯೇ ಕೇಳಿದಂತಾಗುತ್ತದೆ ಎಂದುಕೊಂಡ.

"ಇದಕ್ಕೆ ಮಾರ್ಫಿಂಗ್ ಅಂತಾರೆ," ಎಂದ.

ಅಟೆಂಡರ್ ಕೆರಿಯಪ್ಪ ಲೋಟ ಇಡುತ್ತಿದ್ದವನು ಬೆಚ್ಚಿದ. "ಮಾರ್ಫಿಂಗಾ? ಪೇಪರಲ್ಲಿ ಬರ್ತದಲ್ಲ, ಅರೆಸ್ಟ್ ಮಾಡ್ತಾರಲ್ಲ, ಅದಾ? ಬ್ಯಾಡ ಮಾರಾಯ, ಸಾಹೇಬ್ರು ಪೆನ್ಶನ್ ತಿನ್ನೋರು!"

ಅದು ಬೇರೆ, ಇದು ಬೇರೆ ಎಂದು ತಿಳಿಸುವಷ್ಟರಲ್ಲಿ ಸ್ಟೋರು ನೋಡಿಕೊಳ್ಳುವ ಸುರೇಂದ್ರ ಕನ್ನಡಕ ಇಳಿಸಿ ಬಂದು ನಿಂತ. "ಯಾವ ಸಾಫ್ಟ್‌ವೇರ್ ಹಾಕ್ತೀಯ?"

"ಒಂದು ಫ್ರೀ ಸಿಗುತ್ತೆ."

"ಒಂದು ಹಾಕಂಗಿಲ್ಲ. ಮೂರು ಕೊಟೇಶನ್ ಬೇಕು."

"ಫ್ರೀ ಸಾರ್ ಅದು."

"ಫ್ರೀ ಆದ್ರೂ ಮೂರು ಫ್ರೀ ಬೇಕು. ಕಚೇರಿ ಕಂಪ್ಯೂಟರಿಗೆ ಹಾಕೋದು ತಾನೆ? ಮೂರೂ ಹಾಕಿ ನೋಡು, ಗುಣಮಟ್ಟ ಹೋಲ್ಸಿ ತುಲನಾ ಪಟ್ಟಿ ಬರಿ. ನಾಳೆ ಆಡಿಟ್ನೋರು ಇದೇ ಯಾಕೆ ಅಂದ್ರೆ ನಾನು ಎಂತ ಹೇಳ್ಲಿ?"

ಹೀಗೆ ಮುಖ ಬದಲಿಸುವ ಮೂರು ತಂತ್ರಾಂಶಗಳು ಹನ್ನೊಂದು ಗಂಟೆಗೆ ಕಚೇರಿಯ ಕಂಪ್ಯೂಟರಿಗಿಳಿದವು.

ಕೆರಿಯಪ್ಪ ಸೇವಾ ಪುಸ್ತಕದಿಂದ ಸಾಹೇಬರ ಹಳೆಯ ಫೋಟೊ ಕಿತ್ತು ತಂದ. ಮೂವತ್ನಾಲ್ಕು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ದಿನದ್ದು. ಮಾಸಿಹೋಗಿತ್ತು, ಎಡಗೆನ್ನೆಯ ಮೇಲೆ ಕಚೇರಿಯ ನೇರಳೆ ಮೊಹರು ಬೇರೆ ಬಿದ್ದಿತ್ತು. ಇಂದಿನ ಫೋಟೊವನ್ನು ಬಿಂದುಶ್ರೀ ಉಪಾಯವಾಗಿ ಮೊಬೈಲಿನಲ್ಲಿ ತೆಗೆದುಕೊಟ್ಟಳು.

ನಿರಂಜನ ಯಾವ ಯಂತ್ರವನ್ನೂ ಅದರ ಕೈಪಿಡಿ ಓದದೆ ಮುಟ್ಟುವವನಲ್ಲ. ಮಿಕ್ಸಿಯ ಜೊತೆ ಬಂದ ಹಾಳೆಯನ್ನೂ ಅವನು ಕೊನೆಯ ಸಾಲಿನವರೆಗೆ ಓದಿದ್ದ. ಎಲ್ಲೋ ಕೂತ, ಮುಖ ಕಾಣದ ಒಬ್ಬ, ತನ್ನಂಥ ಮತ್ತೊಬ್ಬನಿಗೆ ಎಲ್ಲಿ ಕಷ್ಟವಾಗಬಹುದೆಂದು ಮುಂಚೆಯೇ ಯೋಚಿಸಿ ಬರೆದಿಟ್ಟಿರುತ್ತಾನಲ್ಲ, ಆ ಸದ್ದಿಲ್ಲದ ಸಂಭಾಷಣೆ ಅವನಿಗೆ ಇಷ್ಟ.

ಮೊದಲ ತಂತ್ರಾಂಶದ ಕೈಪಿಡಿಯಲ್ಲಿ ಒಂದೇ ಸಾಲಿತ್ತು: 'ಗುಂಡಿ ಒತ್ತಿ, ಆನಂದಿಸಿ.' ಒತ್ತಿದ. ಅದು ಮೊಹರನ್ನೇ ಮೂಗೆಂದು ತಿಳಿದು, ಸಾಹೇಬರ ಕೆನ್ನೆಯಿಂದ ನೇರಳೆ ಬದನೆಕಾಯಿಯೊಂದನ್ನು ಹೊರಡಿಸಿತು. ಆನಂದಿಸಿದ್ದು ಬಿಂದುಶ್ರೀ ಒಬ್ಬಳೇ.

ಎರಡನೆಯದರ ಕೈಪಿಡಿ ಕನ್ನಡದಲ್ಲೇ ಇತ್ತು. ಯಾವುದೋ ಯಂತ್ರ ಮಾಡಿದ ಅನುವಾದ. 'ಇಲಿಯ ಬಲಭಾಗವನ್ನು ಅದುಮಿ ಹಿಡಿಯಿರಿ. ಮುಖವನ್ನು ಎಳೆದು ಬೀಳಿಸಿ. ಕಿಟಕಿ ಮುಚ್ಚಿದರೆ ಮುಖ ಸಾಯುತ್ತದೆ.'

"ಪಾಪ, ಇಲಿ ಎಂತ ಮಾಡಿತ್ತು?" ಎಂದಳು ಬಿಂದುಶ್ರೀ.

ಕೆರಿಯಪ್ಪ ಹೋಗಿ ಕೋಣೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟ. ಆದರೂ ಮುಖ ಸತ್ತಿತು.

ಮೂರನೆಯದು ಒಂದು ದಿನದ ಮಟ್ಟಿಗೆ ಮಾತ್ರ ಪುಕ್ಕಟೆ. ಆದರೆ ಅದರ ಕೈಪಿಡಿ! ನೂರ ನಲವತ್ತು ಪುಟ, ಸರಳವಾದ ಇಂಗ್ಲಿಷು. ಬರೆದವನು ಯಾರೋ, ಅವಸರವಿಲ್ಲದ ಮನುಷ್ಯ. 'ಮೊದಲು ಕಣ್ಣಿಗೆ ಕಣ್ಣು ಜೋಡಿಸಿ. ಬಾಯಿಗೆ ಆಮೇಲೆ ಬನ್ನಿ. ಆರನೆಯ ಸೆಕೆಂಡಿನಲ್ಲಿ ಒಮ್ಮೆ ನಿಲ್ಲಿಸಿ ನೋಡಿ. ಅಲ್ಲಿರುವ ಮುಖ ಇಬ್ಬರದೂ ಅಲ್ಲ. ಅದನ್ನು ನೋಡಲು ಹೆಚ್ಚಿನವರಿಗೆ ಪುರುಸೊತ್ತಿರುವುದಿಲ್ಲ.' ನಿರಂಜನ ಆ ಸಾಲನ್ನು ಎರಡು ಸಲ ಓದಿದ. ಊಟದ ಬೆಲ್ಲು ಹೊಡೆದದ್ದು ಅವನಿಗೆ ಕೇಳಿಸಲಿಲ್ಲ.

ಐದನೆಯ ಅಧ್ಯಾಯದಲ್ಲಿ ಒಂದು ಸಲಹೆಯಿತ್ತು. 'ಬೇರೆಯವರ ಮುಖ ಮುಟ್ಟುವ ಮೊದಲು ನಿಮ್ಮ ಮುಖದ ಮೇಲೆ ಅಭ್ಯಾಸ ಮಾಡಿ.' ನ್ಯಾಯವಾದ ಮಾತೆನಿಸಿತು. ವರ್ಗಾವಣೆ ಅರ್ಜಿಗೆಂದು ಸ್ಕ್ಯಾನ್ ಮಾಡಿದ್ದ ತನ್ನ ಪಾಸ್‌ಪೋರ್ಟ್ ಫೋಟೊವನ್ನು ಒಂದು ಕಡೆ, ಸಾಹೇಬರ ಇಂದಿನ ಫೋಟೊವನ್ನು ಇನ್ನೊಂದು ಕಡೆ ಇಟ್ಟು, ಕಣ್ಣು ಮೂಗು ಬಾಯಿಗೆ ಗುರುತಿನ ಚುಕ್ಕಿಯಿಟ್ಟು ಜೋಡಿಸಿದ. ಬೆಣ್ಣೆ ಕರಗಿದಷ್ಟು ನಯವಾಗಿ ಬಂತು. ಆಮೇಲೆ ಅಸಲಿ ಕೆಲಸ. ಮೊಹರನ್ನು ಕೆನ್ನೆಯಿಂದ ಒಂದೊಂದೇ ಚುಕ್ಕಿಯಾಗಿ ಒರೆಸುವಷ್ಟರಲ್ಲಿ ಮೂರೂವರೆಯಾಯಿತು. 'ಹಿಂದಕ್ಕೆ ಮರಳುವುದು ಹೇಗೆ' ಎಂಬ ಕೊನೆಯ ಅಧ್ಯಾಯವೊಂದು ಓದದೆ ಉಳಿಯಿತು.

"ತುಲನಾ ಪಟ್ಟಿ?" ಎಂದು ಸುರೇಂದ್ರ ಬಂದ. ನಿರಂಜನ ಅದನ್ನೂ ಬರೆದುಕೊಟ್ಟ. 'ಮೊದಲನೆಯದು: ಕೈಪಿಡಿ ಇಲ್ಲವೆಂದೇ ಹೇಳಬಹುದು. ಎರಡನೆಯದು: ಕೈಪಿಡಿ ಇಲ್ಲದಿದ್ದರೆ ಒಳ್ಳೆಯದಿತ್ತು. ಮೂರನೆಯದು: ಕೈಪಿಡಿಗಾಗಿಯೇ ಆಯ್ಕೆ ಮಾಡಬಹುದು.'

ಅಷ್ಟರಲ್ಲಿ ಬಿಂದುಶ್ರೀ ಪೆನ್‌ಡ್ರೈವ್ ಚುಚ್ಚಿದ್ದಳು. ಎರಡು ವಿಡಿಯೊಗಳಿದ್ದವು. ನಿರಂಜನ ಒಂದಕ್ಕೆ 'ಅಭ್ಯಾಸ' ಎಂದೂ ಇನ್ನೊಂದಕ್ಕೆ 'ಅಂತಿಮ' ಎಂದೂ ಹೆಸರಿಟ್ಟಿದ್ದ. ಆದರೆ ಕಚೇರಿಯಲ್ಲಿದ್ದದ್ದು ಹಳೆಯ ಕಾಲದ ಕನ್ನಡ ಫಾಂಟು. ಪತ್ರದಲ್ಲಿ ಮುತ್ತಿನಂತೆ ಕಾಣುವುದು, ಕಡತದ ಹೆಸರಿಗೆ ಹಾಕಿದರೆ ಮಸಿಯಲ್ಲಿ ಬಿದ್ದ ಇರುವೆ ನಡೆದುಹೋದಂತೆ ಕಾಣುತ್ತಿತ್ತು. ಎರಡು ಹೆಸರೂ ಶುರುವಾಗುವುದು ಒಂದೇ ಇರುವೆಯಿಂದ.

"ಎರಡೂ ಇರ್ಲಿ. ಒಂದು ಕೈಕೊಟ್ರೆ ಇನ್ನೊಂದು," ಎಂದು ಅವಳು ಪೆನ್‌ಡ್ರೈವ್ ಕಿತ್ತುಕೊಂಡು ಓಡಿದಳು. ಹಿಂದೆಯೇ ಓಡಿದ ನಿರಂಜನನ ಕೈಗೆ ಬಾಗಿಲಲ್ಲೇ ಯಾರೋ ಹಾರ, ಶಾಲು, ಹಣ್ಣಿನ ತಟ್ಟೆ ಕೊಟ್ಟು ವೇದಿಕೆಗೆ ನೂಕಿದರು.

ಭಾಷಣಗಳು ಮುಗಿದವು. ದೀಪ ಆರಿಸಿದರು. ಪ್ರೊಜೆಕ್ಟರ್ ಬಳಿ ನಿಂತ ಟೈಪಿಸ್ಟ್ ಸತೀಶ್ ಕೂಗಿದ. "ಎರಡಿದೆಯಲ್ಲ, ಯಾವ್ದು ಹಾಕ್ಲಿ?"

"ಮೊದ್ಲು ಕಾಣೋದು ಹಾಕೋ!" ಎಂದಳು ಬಿಂದುಶ್ರೀ.

ವೇದಿಕೆಯ ಮೇಲೆ ತಟ್ಟೆ ಹಿಡಿದು ನಿಂತ ನಿರಂಜನ ತಿರುಗಿ ನೋಡಿದ. ಗೋಡೆಯಷ್ಟು ದೊಡ್ಡದಾಗಿ ಅವನದೇ ಮುಖ. ಮುಖದ ಕಣ್ಣಂಚು ಇಳಿಯಿತು, ಕೂದಲು ಹಿಂದೆ ಸರಿಯಿತು. ಆರನೆಯ ಸೆಕೆಂಡಿನಲ್ಲಿ ಯಾರದೂ ಅಲ್ಲದ ಮುಖವೊಂದು ಅವನನ್ನೇ ನೋಡಿತು. ಅವನು ಹಣ್ಣಿನ ತಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡ. ಹನ್ನೆರಡಕ್ಕೆ ಅಲ್ಲಿ ಉಮಾಮಹೇಶ್ವರ ಅವರಿದ್ದರು.

ಚಪ್ಪಾಳೆ ಬಿತ್ತು.

"ಅದೇ ಮೂಗು, ಅದೇ ಕಿವಿ!" ಕೆರಿಯಪ್ಪ ಎದ್ದು ನಿಂತಿದ್ದ. "ಸೇರಿದ ವರ್ಷ ಸಾಹೇಬ್ರು ಹಿಂಗೇ ಇದ್ರು, ನಾ ಕಂಡಿದ್ದೀನಲ್ಲ!" ಅವನು ಕೆಲಸಕ್ಕೆ ಸೇರಿದ್ದು ಅದಾಗಿ ಹತ್ತು ವರ್ಷದ ಮೇಲೆ.

ಸಾಹೇಬರ ಹೆಂಡತಿ ಬಂಗಾರಮ್ಮ ಮಾತ್ರ ಪಕ್ಕದವಳಿಗೆ ಹೇಳಿದರು. "ಮದ್ವೆ ಟೈಮಲ್ಲಿ ಇಷ್ಟು ಲಕ್ಷಣ ಇರ್ಲಿಲ್ಲ ಕಣೇ. ಕಂಪ್ಯೂಟರ್ನೋರು ಸ್ವಲ್ಪ ಸುಧಾರಿಸಿದ್ದಾರೆ."

ಯಾರಿಗೂ ತಿಳಿಯಲಿಲ್ಲ. ಎರಡು ವರ್ಷದಿಂದ ದಿನವೂ ನೋಡುತ್ತಿದ್ದವರಿಗೆ ತನ್ನ ಮುಖ ಗುರುತು ಹತ್ತಲಿಲ್ಲವೆಂದು ಬೇಸರಪಡಬೇಕೋ, ಬಚಾವಾದೆನೆಂದು ಉಸಿರು ಬಿಡಬೇಕೋ ನಿರಂಜನನಿಗೆ ಗೊತ್ತಾಗಲಿಲ್ಲ. ಉಸಿರು ಬಿಟ್ಟ.

ಐದೂಕಾಲಿಗೆ ಸಾಹೇಬರು ಒಳಕ್ಕೆ ಕರೆದರು. ಕುರ್ಚಿ ಬಿಟ್ಟು ಕಿಟಕಿಯ ಬಳಿ ನಿಂತಿದ್ದರು.

"ಮೊದ್ಲು ಬಂದ ಮುಖ ನಂದಲ್ಲ, ನಿಂದು ಅಂತ ನಂಗೆ ಗೊತ್ತಾಗಲ್ವಾ?"

ನಿರಂಜನ ಬಾಗಿಲಲ್ಲೇ ನಿಂತ. "ಸಾರ್, ಅದು..."

"ಹೇಳ್ಬೇಡ. ನೀನು ಬಾಯಿ ಬಿಟ್ಟು ಹೇಳೋನಲ್ಲ, ನಾನೂ ಅಲ್ಲ. ಅದಕ್ಕೇ ಅರ್ಥ ಆಯ್ತು." ಅವರ ಕಣ್ಣು ಒದ್ದೆಯಾಗಿತ್ತು. "ಮೂವತ್ನಾಲ್ಕು ವರ್ಷ ಕೂತು ಎದ್ದೆ, ಹಿಂದೆ ಯಾರಿದ್ದಾರೆ ಅನ್ಕೊಂಡಿದ್ದೆ. ನಿಮ್ಮ ಹಾಗೇ ಇಲ್ಲೇ ಇದ್ದು, ಇಲ್ಲೇ ಹಣ್ಣಾಗ್ತೀನಿ ಅಂತ ನೀನೊಬ್ಬನಾದ್ರೂ ತೋರ್ಸಿದ್ಯಲ್ಲ. ಬೆಳಗ್ಗೆ ಹತ್ತಕ್ಕೇ ನಿನ್ನ ವರ್ಗಾವಣೆಗೆ ಶಿಫಾರಸು ಬರೆದು ಇಟ್ಟಿದ್ದೆ ಮಾರಾಯ. ಎಂಥಾ ತಪ್ಪು ಮಾಡ್ತಿದ್ದೆ! ಹೊಡೆದು ಹಾಕಿದೆ. 'ಅರ್ಜಿದಾರರು ಈ ಕಚೇರಿಯಲ್ಲಿಯೇ ಮುಂದುವರಿಯಲು ಇಚ್ಛಿಸಿರುತ್ತಾರೆ' ಅಂತ ಬರ್ದೆ. ಸುರೇಂದ್ರನಿಗೆ ನೀನು ಬರ್ಕೊಟ್ಟ ತುಲನಾ ಪಟ್ಟಿನೂ ಲಗತ್ತಿಸಿದೀನಿ. ಇಷ್ಟು ಚಂದ ಟಿಪ್ಪಣಿ ಬರೆಯೋನು ಇನ್ನೊಬ್ಬ ಸಿಗಲ್ಲ ಅಂತ ಮೇಲಿನೋರಿಗೂ ತಿಳೀಲಿ."

"ಸಾರ್, ಆ ಅರ್ಜಿ ಈಗ..."

"ಐದರ ಬಸ್ಸಿಗೆ ಟಪಾಲು ಹೋಯ್ತು." ಅವರು ಅವನ ಹೆಗಲು ತಟ್ಟಿದರು. ಇಡೀ ಸೇವಾವಧಿಯಲ್ಲಿ ಅವರು ಯಾರ ಹೆಗಲನ್ನೂ ತಟ್ಟಿರಲಿಲ್ಲ.

ಅವನು ತನ್ನ ಮೇಜಿಗೆ ಮರಳಿದ. ಮೊಬೈಲಿನಲ್ಲಿ ಲಿಖಿತಾಳ ಸಂದೇಶವಿತ್ತು: 'ಬರ್ಕೊಟ್ರಾ?' ಬರೆದುಕೊಟ್ಟಿದ್ದರು, ಸುಳ್ಳೇನಲ್ಲ. ಅವನು ಮೊಬೈಲನ್ನು ಬೋರಲು ಇಟ್ಟು ಕಂಪ್ಯೂಟರಿನ ಕಡೆ ತಿರುಗಿದ. ಕೈಪಿಡಿ ತೆರೆದೇ ಇತ್ತು. ಓದದೆ ಬಿಟ್ಟ ಕೊನೆಯ ಅಧ್ಯಾಯಕ್ಕೆ ಹೋದ. 'ಹಿಂದಕ್ಕೆ ಮರಳುವುದು ಹೇಗೆ.'

ಅಲ್ಲಿಯೂ ಆ ಮನುಷ್ಯ ಅವಸರಪಟ್ಟಿರಲಿಲ್ಲ. ಎಷ್ಟು ದೂರ ಹೋಗಿದ್ದರೂ ಮೊದಲ ಮುಖಕ್ಕೆ ಹಿಂತಿರುಗಬಹುದೆಂದೂ, ಅದಕ್ಕೆ ಒತ್ತಬೇಕಾದದ್ದು ಒಂದೇ ಗುಂಡಿಯೆಂದೂ ಸಮಾಧಾನದಿಂದ ವಿವರಿಸಿದ್ದ. ಪುಟದ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲಿತ್ತು.

'ಈ ಸೌಲಭ್ಯ ಒಂದು ದಿನದ ಪುಕ್ಕಟೆ ಆವೃತ್ತಿಯಲ್ಲಿ ಇರುವುದಿಲ್ಲ.'