ಪಿಯಾನೋದ ಪಕ್ಕದಲ್ಲಿ ನನ್ನ ಮಗಳು

ನಾನು ಸುಳ್ಳು ಹೇಳುವವನಲ್ಲ. ಆದರೆ ನಿಜವನ್ನು ಪೂರ್ತಿ ಹೇಳಿ ಮುಗಿಸುವ ಚಟವೂ ನನಗಿಲ್ಲ. ಅದರಲ್ಲೂ ಮಗಳ ವಿಷಯ ಬಂದಾಗ, ಎದುರಿಗಿದ್ದವರ ಕಣ್ಣು ಅರಳಿತೆಂದರೆ ನನ್ನ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಉಳಿದದ್ದನ್ನು ಅವರೇ ತುಂಬಿಕೊಳ್ಳಲಿ ಎಂಬ ಔದಾರ್ಯ. ಈ ಔದಾರ್ಯದ ದೆಸೆಯಿಂದ ಕಾಶಿಯ ಕೊರೆಯುವ ಚಳಿಯಲ್ಲಿ ಒಂದು ಸಂಜೆ ಪೂರ್ತಿ ಬೆವರಿದ್ದೇನೆ.

ಐದಾರು ವರ್ಷದ ಹಿಂದಿನ, ಎಪ್ಪತ್ತರ ದಶಕದ ಕೊನೆಯ ಮಾತು. ಕಾಶಿಯಲ್ಲಿರುವ ನಮ್ಮ ಕಡೆಯ ಶೈವ ಮಠವೊಂದರ ಕಚೇರಿಯಲ್ಲಿ ಪತ್ರ ಬರೆಯುವುದು ನನ್ನ ಕೆಲಸ. ಬಾಡಿಗೆ ಮನೆ ಭೇಲೂಪುರದಲ್ಲಿ. ಮಗಳು ಗಿರಿಜೆ ಅಲ್ಲೇ ಹುಟ್ಟಿ ಬೆಳೆದು, ಕನ್ನಡಕ್ಕಿಂತ ಹಿಂದಿಯಲ್ಲೇ ಚೆನ್ನಾಗಿ ಜಗಳವಾಡುತ್ತಿದ್ದವಳು. ಶಾಲೆಯ ಸಂಗೀತದ ಮೇಡಂ ಹತ್ತಿರ ಆರು ವರ್ಷ ಪಿಯಾನೋ ಕಲಿತಿದ್ದಳು. ಮಠದಲ್ಲಿ ರುದ್ರ ಕೇಳಿ ಬೆಳೆದ ಹುಡುಗಿಗೆ ಪಿಯಾನೋ ಯಾಕೆ ಎಂದು ಯಾರಾದರೂ ಕೇಳಿದರೆ, "ಈ ಊರಾಗ ಎಷ್ಟ ಮಂದಿಗೆ ಬರ್ತದ, ಹೇಳ್ರಿ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ. ಆ ವರ್ಷ ಹೊರದೇಶದ ದೊಡ್ಡದೊಂದು ಸಿಂಫನಿ ವಾದ್ಯವೃಂದ ಊರಿಗೆ ಬಂತು, ಜೊತೆಗೆ ಹೆಸರುವಾಸಿ ಪಿಯಾನೋ ವಾದಕಿ. ಆಕೆ ನುಡಿಸಲಿದ್ದ ಕೃತಿ ಹೊಸದು, ಪುಸ್ತಕ ನೋಡಿಯೇ ನುಡಿಸಬೇಕು. ಎರಡು ಕೈಗೂ ಪುರುಸೊತ್ತಿಲ್ಲದ್ದರಿಂದ ಹಾಳೆ ತಿರುವಲು ಸ್ವರಲಿಪಿ ಬಲ್ಲವರೊಬ್ಬರು ಪಕ್ಕದಲ್ಲಿರಬೇಕು. ಮೇಡಂ ಗಿರಿಜೆಯ ಹೆಸರು ಹೇಳಿದರು. ನಾನು ಮಠಕ್ಕೆ ಓಡಿ, "ನಮ್ಮ ಗಿರಿಜಾ ಫಾರಿನ್‌ನವರ ಜೋಡಿ ಸ್ಟೇಜಿನ ಮ್ಯಾಲೆ ಪಿಯಾನೋಕ್ಕ ಕೂಡತಾಳ" ಎಂದೆ. ಎಲ್ಲರ ಕಣ್ಣೂ ಅರಳಿದವು. ನನ್ನ ಮಾತು ನಿಂತಿತು.

ವಟುಗಳಿಗೆ ರುದ್ರ ಕಲಿಸುವ ಹಿರಿಯರಾದ ಸಿದ್ಧಲಿಂಗಯ್ಯನವರು ಗಿರಿಜೆಯ ಹಣೆಗೆಂದು ವಿಭೂತಿ ಕೊಟ್ಟು ಹರಸಿದರು. ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ನಮ್ಮ ಕಡೆಯಿಂದ ಬಂದು ಬಂಗಾಲಿ ಟೋಲಾದ ಕೋಣೆಯೊಂದರಲ್ಲಿದ್ದ ಮುದುಕಿ ನೀಲವ್ವ, "ಹುಡುಗಿ ಬಾರಸೂದು ನೋಡೇ ಸಾಯ್ತೀನಿ, ನನ್ನೂ ಕರಕೊಂಡು ಹೋಗು" ಎಂದು ಹಟ ಹಿಡಿದಳು. ಸಾಯುವ ಕೆಲಸವನ್ನೇ ಮುಂದೂಡಿದವಳಿಗೆ ಇಲ್ಲವೆನ್ನುವುದು ಹೇಗೆ? ಸೈಕಲ್ ರಿಕ್ಷಾ ಹತ್ತುವಾಗ ನನ್ನ ಹೆಂಡತಿ, "ಹಾಳಿ ತಿರುವಾಕಿ ಅಷ್ಟ ಅಂತ ಈಗರೆ ಹೇಳ್ರಿ" ಎಂದು ಚಿವುಟಿದಳು. ರಸ್ತೆಯ ಗದ್ದಲದಲ್ಲಿ ಅಷ್ಟು ಸೂಕ್ಷ್ಮ ವಿಷಯ ಹೇಳುವುದು ಸರಿಯಲ್ಲವೆಂದು ನಾನು ರಿಕ್ಷಾದವನಿಗೆ ಹೊರಡು ಎಂದೆ.

ಸಭಾಭವನದಲ್ಲಿ ಕರಿಕೋಟು ತೊಟ್ಟ ಎಪ್ಪತ್ತು ಎಂಬತ್ತು ಜನ ಸಾಲಾಗಿ ಬಂದು ಕುಳಿತಾಗ ನೀಲವ್ವ, "ಇಷ್ಟು ಮಂದಿ ವಕೀಲರು ಯಾಕ ಬಂದಾರೋ ತಮ್ಮಾ" ಎಂದಳು. ಆಮೇಲೆ ವಾದಕಿ ಬಂದರು. ಹಿಂದೆಯೇ ತಾಯಿಯ ಇಳಕಲ್ ಸೀರೆಯುಟ್ಟು, ಸೆರಗು ಸಿಕ್ಕಿಸಿ, ಹಣೆಯಲ್ಲಿ ವಿಭೂತಿ ಧರಿಸಿ ನಮ್ಮ ಗಿರಿಜೆ. ನನ್ನ ಎದೆ ಎಷ್ಟು ಉಬ್ಬಿತೆಂದರೆ ಕೋಟಿನ ಗುಂಡಿಯ ಮೇಲೆ ಕೈಯಿಟ್ಟುಕೊಂಡೆ. ಸಂಗೀತ ನನಗೆ ತಿಳಿಯಿತೆಂದು ಹೇಳಲಾರೆ. ಅಷ್ಟೂ ಪಿಟೀಲಿನ ಕಮಾನುಗಳು ಒಟ್ಟಿಗೆ ಎದ್ದು ಒಟ್ಟಿಗೆ ಬೀಳುತ್ತಿದ್ದವು, ನಡುವೆ ಪಿಯಾನೋ ಒಂದೇ ಅವರೆಲ್ಲರಿಗೂ ಉತ್ತರ ಹೇಳುತ್ತಿತ್ತು. ನಾನು ಮಾತ್ರ ಹಾಳೆಯನ್ನೇ ನೋಡುತ್ತಿದ್ದೆ. ಪುಟ ಮುಗಿದಾಗಲೆಲ್ಲ ವಾದಕಿ ತಲೆ ತಗ್ಗಿಸಿ ಸನ್ನೆ ಮಾಡುತ್ತಿದ್ದರು, ಗಿರಿಜೆ ಎದ್ದು ತಿರುವಿ ಕೂರುತ್ತಿದ್ದಳು. "ಯಾವಾಗ ಬಾರಸ್ತಾಳ?" ಎಂದು ನೀಲವ್ವ ಕಿವಿಯಲ್ಲಿ ಕೇಳಿದಾಗಲೆಲ್ಲ ನಾನು "ಇನ್ನ ಬರ್ತದ" ಎನ್ನುತ್ತಿದ್ದೆ. ಒಮ್ಮೆ ಎರಡು ಹಾಳೆ ಅಂಟಿಕೊಂಡವು. ವಾದಕಿ ತಲೆ ತಗ್ಗಿಸಿದರೂ ಹಾಳೆ ಏಳಲಿಲ್ಲ. ಗಿರಿಜೆ ಉಗುರಿನಿಂದ ಬಿಡಿಸಿ ಸರಕ್ಕನೆ ತಿರುವಿದಳು; ಒಂದು ಸ್ವರವೂ ಜಾರಲಿಲ್ಲ. ಕೃತಿಯ ಮೂರು ಭಾಗವೂ ಮುಗಿಯುವವರೆಗೆ ಚಪ್ಪಾಳೆ ತಟ್ಟಬಾರದೆಂದು ಅವಳು ನನಗೆ ನಾಲ್ಕು ಸಲ ಹೇಳಿದ್ದಳು. ಆದರೂ ಮೊದಲ ಭಾಗ ನಿಂತ ಕೂಡಲೇ, ಆ ಹಾಳೆಯ ಗೌರವಾರ್ಥವಾಗಿ, ಇಡೀ ಭವನದಲ್ಲಿ ನಾನೊಬ್ಬನೇ ತಟ್ಟಿದೆ. ಗಿರಿಜೆ ವೇದಿಕೆಯ ಮೇಲಿಂದ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ಕೊನೆಯಲ್ಲಿ ಭವನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ವಾದಕಿ ಗಿರಿಜೆಯ ಕೈ ಕುಲುಕಿದರು. ನೀಲವ್ವ ಮಾತ್ರ ಸೆರಗು ಹೊದ್ದು ಬಾಗಿಲ ಕಡೆ ನಡೆದಳು. ಇನ್ನು ತಪ್ಪಿಸಿಕೊಳ್ಳುವಂತಿಲ್ಲವೆಂದು ಹೊರಗೆ ಬಂದು ಬಾಯಿಬಿಟ್ಟೆ. "ಆಯಿ, ಆಕಿ ಬಾರಸಾಕ ಹೋಗಿರಲಿಲ್ಲ..."

"ಆಕಿ ಯಾಕ ಬಾರಸಬೇಕು?" ಎಂದಳು ನೀಲವ್ವ. "ನನಗೂ ತಡಾ ಆಗಿ ತಿಳೀತು. ಪಾಠಾ ಒಪ್ಪಸಾಕಿ ಬ್ಯಾರೆ, ಒಪ್ಪಿಸಿಕೊಳ್ಳಾಕಿ ಬ್ಯಾರೆ. ನಾ ಮಠದಾಗ ದಿನಾ ನೋಡೂದಿಲ್ಲೇನು?"

ಆಗ ನನಗೆ ಹೊಳೆಯಿತು. ಮಠದಲ್ಲಿ ವಟುಗಳು ಕಲಿತದ್ದನ್ನು ಒಪ್ಪಿಸುವಾಗ ಸಿದ್ಧಲಿಂಗಯ್ಯನವರು ಪಕ್ಕದಲ್ಲಿ ಪುಸ್ತಕ ಬಿಚ್ಚಿ ಕೂರುತ್ತಾರೆ. ಪುಟ ಮುಗಿದಾಗ ವಟು ತಲೆಬಾಗಬೇಕು. ತಪ್ಪಿಲ್ಲದಿದ್ದರೆ ಅವರು ಹಾಳೆ ತಿರುವುತ್ತಾರೆ, ಅದೇ ಮುಂದೆ ಹೋಗಲು ಅಪ್ಪಣೆ.

"ಆ ಹೆಣ್ಮಗಳು ಹಾಳಿಗೊಮ್ಮೆ ನಮ್ಮ ಹುಡುಗಿಗೆ ತಲಿ ಬಾಗಿಸಿ ಮುಂದ ಹೋದ್ಳು" ಎಂದು ನೀಲವ್ವ ಕಣ್ಣೊರೆಸಿಕೊಂಡಳು. "ಒಂದ ಕಡೆ ಹುಡುಗಿ ಲಗೂನ ತಿರುವಲಿಲ್ಲ ನೋಡು, ಅಲ್ಲಿ ಏನರೆ ತಪ್ಪಿರಬೇಕು. ಆದ್ರೂ ಪಾಪ, ಬಿಟ್ಟು ಕೊಟ್ಟಳು."

ಹೆಂಡತಿ ನನ್ನ ಮುಖ ನೋಡಿದಳು. ನಾನು ರಿಕ್ಷಾ ಕರೆದೆ. ಮರುದಿನ ಬೆಳಿಗ್ಗೆ ಮಠಕ್ಕೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಸಿದ್ಧಲಿಂಗಯ್ಯನವರು ತಮ್ಮಂಥ ಇನ್ನೊಬ್ಬ ಗುರುವಿನ ವಿಷಯ ವಿಚಾರಿಸುವ ಗಾಂಭೀರ್ಯದಿಂದ, "ಆ ಹೆಣ್ಮಗಳದು ಎಷ್ಟು ತಪ್ಪು ಹೋದವಂತ?" ಎಂದರು. ಸುತ್ತಲಿನ ಕಣ್ಣುಗಳು ಅರಳಿದ್ದವು. "ಒಂದೇ" ಎಂದೆ.

ಅದರ ಫಲ ಈಗಲೂ ಉಣ್ಣುತ್ತಿದ್ದೇನೆ. ಅಂದಿನಿಂದ ಕಾಶಿಯ ಕಚೇರಿಗಳಿಗೆ ನಾನು ಹಿಂದಿಯಲ್ಲಿ ಬರೆದ ಯಾವ ಪತ್ರವನ್ನೂ ಸಿದ್ಧಲಿಂಗಯ್ಯನವರು, "ಒಮ್ಮೆ ಗಿರಿಜಾಗ ಒಪ್ಪಿಸಿ ಬರ್ರಿ" ಎನ್ನದೆ ಕಳಿಸುವುದಿಲ್ಲ. ಸಂಜೆ ನಾನು ಓದುತ್ತೇನೆ, ಅವಳು ಪಕ್ಕದಲ್ಲಿ ಕೂತು ನೋಡುತ್ತಾಳೆ. ಪುಟ ಮುಗಿದಾಗ ನಾನೂ ತಲೆ ಬಾಗಿಸುತ್ತೇನೆ. ಆ ವಾದಕಿಗೆ ಅವಳು ಅಷ್ಟು ಚುರುಕಾಗಿ ತಿರುವಿಕೊಟ್ಟ ಹಾಳೆಯನ್ನು ನನಗೆ ಇಂದಿನವರೆಗೆ ಒಮ್ಮೆಯೂ ಮೊದಲ ಸಲಕ್ಕೇ ತಿರುವಿಕೊಟ್ಟಿಲ್ಲ.